ಟಿ.ಸಿ. ಕೊಡುವ ಮೊದಲು

ಪ್ರಶ್ನೆ:

ಮೇಡಂ, ನಾನು ಕರಾವಳಿಯ ಒಂದು ಕಥೋಲಿಕ್ ಅನುದಾನಿತ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕನ್ನಡ ಟೀಚರ್. ನಾನು ಕ್ರೈಸ್ತಳಲ್ಲ. ಆದರೆ ಓದಿದ್ದೂ ಇಂಥದ್ದೇ ಕಾನ್ವೆಂಟಿನಲ್ಲಿ, ಹಾಗಾಗಿ ಈ ಶಾಲೆ ನನಗೆ ತವರಿದ್ದ ಹಾಗೆ. ಈ ವರ್ಷ ಒಂಬತ್ತನೆಯ ‘ಬಿ’ ಸೆಕ್ಷನ್‌ಗೆ ನಾನೇ ಕ್ಲಾಸ್ ಟೀಚರ್. 52 ಮಕ್ಕಳು. ಅವರಲ್ಲಿ ಒಬ್ಬ ಹುಡುಗನ ಬಗ್ಗೆ ಬರೆಯುತ್ತಿದ್ದೇನೆ.

ಎಂಟನೆಯವರೆಗೆ ಅವನ ಮೇಲೆ ಒಂದು ದೂರೂ ಇರಲಿಲ್ಲ. ಜೂನ್‌ನಿಂದ ಬೇರೆಯೇ ಹುಡುಗ. ಮೊದಲನೆಯ ಪಿರಿಯಡ್‌ನಲ್ಲೇ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಹೋಂವರ್ಕ್ ಇಲ್ಲ. ಗಣಿತದ ಸರ್ ಎಬ್ಬಿಸಿ ನಿಲ್ಲಿಸಿದರೆ ‘ನೀವ್ಯಾರು ಕೇಳ್ಲಿಕ್ಕೆ?’ ಅಂದ. ಹ್ಯಾಂಡ್‌ಬುಕ್ಕಿನ ರಿಮಾರ್ಕ್ಸ್ ಪುಟದಲ್ಲಿ ನಾವು ಬರೆದದ್ದಕ್ಕೆಲ್ಲ ಅಮ್ಮನ ಸಹಿಯನ್ನು ತಾನೇ ಹಾಕಿಕೊಂಡಿದ್ದ. ಸಿಕ್ಕಿಬಿದ್ದ ದಿನ ಆ ಪುಟವನ್ನೇ ಹರಿದು ಎಸೆದ. ಅಪ್ಪ ದುಬೈಯಲ್ಲಿದ್ದಾರೆ. ಅಮ್ಮ ಬೀಡಿ ಕಟ್ಟುತ್ತಾರೆ, ಎರಡು ಸಲ ಕರೆಸಿದರೂ ಬರಲಿಲ್ಲ.

‘ಬೆತ್ತ ಬಿಟ್ಟ ಮೇಲೆ ಮಕ್ಕಳು ಕೆಟ್ಟರು’ ಎಂಬುದು ಸ್ಟಾಫ್‌ರೂಮಿನ ದಿನನಿತ್ಯದ ಮಾತು. ದಸರಾ ರಜೆ ಮುಗಿದ ಮೇಲೆ ಮೀಟಿಂಗ್ ಇದೆ. ಟಿ.ಸಿ. ಕೊಟ್ಟು ಕಳಿಸುವುದೇ ಸರಿ ಎಂದು ಹೆಚ್ಚಿನವರ ಅಭಿಪ್ರಾಯ. ಮುಂದಿನ ವರ್ಷ ಅವನು ಎಸ್ಸೆಸ್ಸೆಲ್ಸಿ, ನೂರಕ್ಕೆ ನೂರು ಫಲಿತಾಂಶ ಬರುವ ಶಾಲೆ ನಮ್ಮದು. ಎಚ್ಚೆಮ್ ಸಿಸ್ಟರ್ ಒಳ್ಳೆಯವರು, ಆದರೆ ಅವರಿಗೂ ದಾರಿ ತೋಚುತ್ತಿಲ್ಲ. ನಾನು ಅವನ ಪರ ಮಾತಾಡಿದರೆ ‘ನೀವೇ ಮುದ್ದು ಮಾಡಿ ಹಾಳು ಮಾಡಿದ್ದು’ ಅನ್ನುತ್ತಾರೆ. ನಿಜವಾಗಿ ನನ್ನದೇ ತಪ್ಪಾ? ಶಿಸ್ತೂ ಇರಬೇಕು, ಮಗುವೂ ಉಳಿಯಬೇಕು ಅಂದರೆ ಏನು ಮಾಡಬೇಕು? ಮೊನ್ನೆ ಅವನು ‘ಟೀಚರ್, ನಾನು ಇಲ್ಲದಿದ್ರೆ ಎಲ್ರಿಗೂ ನೆಮ್ಮದಿ ಅಲ್ವಾ?’ ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಹೆಸರು ಬೇಡ, ದಕ್ಷಿಣ ಕನ್ನಡ

ಉತ್ತರ:

ಪ್ರಿಯ ಟೀಚರ್,

ನಿಮ್ಮ ಪತ್ರಕ್ಕೆ ನಾನು ಕೊನೆಯಿಂದ ಉತ್ತರಿಸುತ್ತೇನೆ. ಸುಳ್ಳು ಸಹಿ, ಹರಿದ ಪುಟ, ಗಣಿತದ ಸರ್‌ಗೆ ಕೊಟ್ಟ ಉತ್ತರ ಎಲ್ಲವನ್ನೂ ಬರೆದು ಮುಗಿಸಿ, ಎಲ್ಲಕ್ಕಿಂತ ದೊಡ್ಡ ಮಾತನ್ನು ಕಡೆಯ ಎರಡು ಸಾಲಿನಲ್ಲಿ ಇಟ್ಟಿದ್ದೀರಿ. ಅದು ಅಚ್ಚಾಗುವ ತನಕ ಕಾಯುವ ವಿಷಯವಲ್ಲ, ಆದ್ದರಿಂದಲೇ ಪತ್ರ ಸಿಕ್ಕ ದಿನವೇ ನಿಮಗೆ ಫೋನ್ ಮಾಡಿದೆ. ಈಗ ಬರೆಯುತ್ತಿರುವುದರ ಪ್ರತಿಯೂ ನಿಮಗೆ ಮೊದಲೇ ತಲುಪುತ್ತದೆ. ಗುರುತು ಸಿಗುವಂಥ ವಿವರಗಳನ್ನು ನೀವು ಒಪ್ಪಿದ ಹಾಗೆ ಬದಲಿಸಿದ್ದೇನೆ.

ಫೋನಿನಲ್ಲಿ ಹೇಳಿದ್ದನ್ನು ಉಳಿದ ಟೀಚರುಗಳಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಮಗು ‘ನಾನು ಇಲ್ಲದಿದ್ದರೆ’ ಎಂದರೆ, ‘ಹಾಗೆಲ್ಲ ಮಾತಾಡಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ನಾಲ್ಕು ಜನರ ಕಣ್ಣಿಗೆ ಕಾಣುವ, ಆದರೆ ಕಿವಿಗೆ ಬೀಳದ ಜಾಗದಲ್ಲಿ ಕೂರಿಸಿಕೊಂಡು ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತದಾ?’ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಮಗುವಿಗೆ ಹೊರೆ ಇಳಿಸಲು ಒಂದು ಜಾಗ ಸಿಗುತ್ತದೆ, ಅಷ್ಟೇ. ‘ಹೌದು’ ಎಂದರೆ ಆ ಮಗುವನ್ನು ಒಂಟಿಯಾಗಿ ಬಿಡಬಾರದು, ಮನೆಯವರಿಗೆ ಅದೇ ದಿನ ತಿಳಿಸಬೇಕು, ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ತಡಮಾಡದೆ ಕರೆದೊಯ್ಯಬೇಕು. ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಮಗುವಿಗೆ ಮನೆಯಲ್ಲೇ ಅಪಾಯವಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098.

ನಾನು ಫೋನ್ ಮಾಡಿದ ಮರುದಿನ ನೀವು ಅವನನ್ನು ಕೇಳಿದಿರಿ. ಸಾಯುವ ಯೋಚನೆ ಇಲ್ಲ, ಆದರೆ ಶಾಲೆಗೆ ಬರಲು ಮನಸ್ಸಿಲ್ಲ ಎಂದು ಹೇಳಿ ತುಂಬ ಹೊತ್ತು ಅತ್ತ ಎಂದಿರಿ. ಅಷ್ಟಕ್ಕೇ ನಿರಾಳವಾಗಬೇಡಿ. ತಜ್ಞರೊಬ್ಬರು ಅವನನ್ನು ನೋಡಲೇಬೇಕು, ಅಮ್ಮನಿಗೆ ವಿಷಯ ಗೊತ್ತಾಗಲೇಬೇಕು. ಮೀಟಿಂಗ್‌ನ ತೀರ್ಮಾನ ಏನೇ ಆಗಲಿ, ಈ ಎರಡು ಕೆಲಸ ಅದಕ್ಕಿಂತ ಮೊದಲು ನಡೆಯಬೇಕು.

‘ಯಾರಿಗೂ ಹೇಳಬೇಡಿ ಟೀಚರ್’ ಎಂದು ಅವನು ಕೇಳಿಕೊಂಡ, ನೀವು ‘ಆಯ್ತು’ ಅಂದಿರಿ ಎಂದೂ ಹೇಳಿದಿರಿ. ಆ ಮಾತನ್ನು ನೀವೇ ಅವನ ಹತ್ತಿರ ವಾಪಸು ತೆಗೆದುಕೊಳ್ಳಬೇಕು. ಕಥೋಲಿಕ್ ಶಾಲೆಗಳಲ್ಲಿ ಇದು ವಿಶೇಷವಾಗಿ ತೊಡಕಿನ ವಿಷಯ. ಗುಟ್ಟು ಎಂದರೆ ಅಲ್ಲಿಯವರ ಮನಸ್ಸಿಗೆ ಬರುವುದು ಪಾಪನಿವೇದನೆ, ಕೊಂಕಣಿಯವರು ಕುಮ್ಸಾರ್ ಅನ್ನುತ್ತಾರಲ್ಲ, ಅದು. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಆಡುವಂತಿಲ್ಲ. ಆದರೆ ಅದೇ ಫಾದರ್ ಶಾಲೆಯ ಆಫೀಸಿನಲ್ಲಿ, ಅದೇ ಸಿಸ್ಟರ್ ವರಾಂಡದಲ್ಲಿ, ನೀವು ತರಗತಿಯಲ್ಲಿ ಮಗುವಿನ ಜೊತೆ ಆಡುವ ಮಾತು ಪಾಪನಿವೇದನೆಯಲ್ಲ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕು. ಮಗುವಿನ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಎಸಗಿದ್ದಾರೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಅದೂ ಅಪರಾಧ. ಆದ್ದರಿಂದ ಶುರುವಿನಲ್ಲೇ ಹೀಗೆ ಹೇಳಿಬಿಡಿ: ‘ನೀನು ಹೇಳಿದ್ದನ್ನು ಸ್ಟಾಫ್‌ರೂಮಿನಲ್ಲಿ ಆಡಿಕೊಳ್ಳುವುದಿಲ್ಲ. ನಿನಗೆ ಅಪಾಯ ಅನ್ನಿಸಿದರೆ ಮಾತ್ರ, ನಿನಗೆ ಹೇಳಿಯೇ, ಸಹಾಯ ಮಾಡುವವರಿಗೆ ತಿಳಿಸುತ್ತೇನೆ.’ ಮಕ್ಕಳು ಇದನ್ನು ಒಪ್ಪುತ್ತಾರೆ. ಅವರಿಗೆ ಕಷ್ಟವಾಗುವುದು ಮೊದಲು ಆಣೆ ಮಾಡಿ ಆಮೇಲೆ ಮುರಿಯುವವರಿಂದ.

ಪ್ರಾರ್ಥನೆಯ ಬಗ್ಗೆಯೂ ಒಂದು ಮಾತು. ನಂಬಿಕೆ ಇದ್ದವರಿಗೆ ಪ್ರಾರ್ಥನೆ ದೊಡ್ಡ ಆಸರೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಮನಸ್ಸು ಕುಸಿದ ಮಗುವಿಗೆ ‘ಪ್ರಾರ್ಥನೆ ಮಾಡು, ಎಲ್ಲ ಸರಿಹೋಗ್ತದೆ’ ಎಂದಷ್ಟೇ ಹೇಳಿ ಕಳಿಸಿದರೆ, ಸರಿಹೋಗದಿದ್ದಾಗ ತನ್ನ ನಂಬಿಕೆಯಲ್ಲೇ ಕೊರತೆ ಎಂದು ಅದು ತಿಳಿಯುತ್ತದೆ. ಒಂದರ ಮೇಲೆ ಇನ್ನೊಂದು ಭಾರ. ಖಿನ್ನತೆಗೆ ಚಿಕಿತ್ಸೆ ಇದೆ. ಜ್ವರ ಬಂದ ಮಗುವನ್ನು ಯಾವ ಸಿಸ್ಟರೂ ಬರೀ ಪ್ರಾರ್ಥನೆಗೆ ಕೂರಿಸುವುದಿಲ್ಲ, ಪ್ರಾರ್ಥಿಸುತ್ತಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಇಲ್ಲಿಯೂ ಅದೇ ಕ್ರಮ.

ಇನ್ನು ಮೊದಲನೆಯ ಪಿರಿಯಡ್‌ನ ನಿದ್ದೆ. ಇಡೀ ಪತ್ರದಲ್ಲಿ ಅವನು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ, ಬೆಳಿಗ್ಗೆ ಏನು ತಿಂದು ಬರುತ್ತಾನೆ, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂಬುದಿಲ್ಲ. ನಿಮ್ಮನ್ನು ದೂರುತ್ತಿಲ್ಲ. 52 ಮಕ್ಕಳ ತರಗತಿಯಲ್ಲಿ ಇದು ಯಾರಿಗೂ ತಪ್ಪಿ ಹೋಗುವಂಥದ್ದೇ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ, ಬೇಗ ಮಲಗಿದರೂ ಬೇಗ ನಿದ್ದೆ ಹತ್ತುವುದಿಲ್ಲ. ಅದರ ಮೇಲೆ ಮೊಬೈಲ್ ಇರಬಹುದು, ರಾತ್ರಿ ಎಲ್ಲೋ ಕೆಲಸ ಇರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು, ಅಪ್ಪನಿಂದ ಹಣ ಬರುವುದು ನಿಂತಿರಬಹುದು, ಯಾರೋ ದೊಡ್ಡ ಹುಡುಗರು ಬಸ್ಸಿನಲ್ಲಿ ಪೀಡಿಸುತ್ತಿರಬಹುದು. ಏನೆಂದು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇಷ್ಟು ತಿಳಿಯದೆ ಟಿ.ಸಿ. ಬರೆಯಲು ಕೂತಿರುವುದೇ ನನಗೆ ಸಂಕಟ.

ಈ ಸಂಕಟಕ್ಕೆ ಒಂದು ಹಳೆಯ ಕಾರಣವಿದೆ. ಆಪ್ತಸಮಾಲೋಚನೆಗೆ ಬರುವ ಮೊದಲು ನಾನೂ ಟೀಚರಾಗಿದ್ದೆ. ನನ್ನ ತರಗತಿಯ ಒಬ್ಬಳು ಹುಡುಗಿ ದಿನವೂ ಹತ್ತು ನಿಮಿಷ ತಡ. ಶಾಲೆಯ ನಿಯಮದ ಪ್ರಕಾರ ತಡವಾಗಿ ಬಂದವರು ಮೊದಲ ಪಿರಿಯಡ್ ಹೊರಗೆ ನಿಲ್ಲಬೇಕು. ಮೂರು ತಿಂಗಳು ನಿಲ್ಲಿಸಿದೆ. ಒಂದು ದಿನ ಅವಳ ಪಕ್ಕದ ಮನೆಯವರು ಸಂತೆಯಲ್ಲಿ ಸಿಕ್ಕು, ತಾಯಿ ಹಾಸಿಗೆ ಹಿಡಿದಿದ್ದಾಳೆ, ತಮ್ಮನಿಗೆ ಸ್ನಾನ ಮಾಡಿಸಿ ಅಂಗನವಾಡಿಗೆ ಬಿಟ್ಟು ಬರುವುದು ಇವಳೇ ಎಂದರು. ಮರುದಿನ ಅವಳನ್ನು ಕರೆದು ‘ಯಾಕೆ ಹೇಳಲಿಲ್ಲ?’ ಎಂದೆ. ‘ನೀವು ಕೇಳ್ಲಿಲ್ಲ ಟೀಚರ್’ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಮೂರು ತಿಂಗಳ ಮೊದಲ ಪಿರಿಯಡ್‌ನ ಪಾಠವನ್ನು ಅವಳು ಕಿಟಕಿಯ ಹೊರಗಿನಿಂದಲೇ ಕೇಳಿ ಬರೆದುಕೊಂಡಿದ್ದಳು.

ನಿಮ್ಮ ಸಹೋದ್ಯೋಗಿಗಳು ಬೆತ್ತದ ಮಾತು ಎತ್ತಿದಾಗ ಅವರಿಗೆ ಅವರದೇ ಮನೆಯ ಒಂದು ಕತೆ ನೆನಪಿಸಿ. ಕಥೋಲಿಕ್ ಶಾಲೆಗಳಲ್ಲಿ ಜನವರಿ 31ರಂದು ಡಾನ್ ಬೋಸ್ಕೊ ಹಬ್ಬ ಆಚರಿಸುತ್ತಾರಲ್ಲ. ಎರಡು ವರ್ಷ ತುಂಬುವಷ್ಟರಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಆತ. 1841ರಲ್ಲಿ ಗುರುದೀಕ್ಷೆ ಪಡೆದು ಇಟಲಿಯ ಟ್ಯೂರಿನ್ ನಗರಕ್ಕೆ ಬಂದರು. ಅದೇ ವರ್ಷ ಡಿಸೆಂಬರ್ 8ರಂದು ಚರ್ಚಿನ ಪೂಜಾಸಾಮಗ್ರಿಯ ಕೋಣೆಯಲ್ಲಿ ಅವರು ಪೂಜೆಗೆ ಅಣಿಯಾಗುತ್ತಿದ್ದಾಗ ಬಾರ್ತೊಲೊಮಿಯೊ ಗರೆಲ್ಲಿ ಎಂಬ ಗಾರೆ ಕೆಲಸದ ಹುಡುಗ ಒಳಗೆ ಬಂದ. ತಂದೆತಾಯಿ ಇಲ್ಲದವನು. ಪೂಜೆಗೆ ಸಹಾಯ ಮಾಡಲು ಬರುವುದಿಲ್ಲ ಎಂದದ್ದಕ್ಕೆ ಚರ್ಚಿನ ಆಳು ಧೂಳು ಹೊಡೆಯುವ ಕೋಲಿನಿಂದ ಬಾರಿಸಿ ಹೊರಗಟ್ಟಿದ. ಬೋಸ್ಕೊ ತಡೆದು, ಅವನು ನನ್ನ ಗೆಳೆಯ, ಕರೆದುಕೊಂಡು ಬಾ ಎಂದರು. ಓದು ಬರುತ್ತದಾ, ಬರೆಯಲು ಬರುತ್ತದಾ ಎಂದು ಕೇಳಿದ್ದಕ್ಕೆಲ್ಲ ಹುಡುಗ ಇಲ್ಲ ಇಲ್ಲ ಎಂದನಂತೆ. ಸಿಳ್ಳೆ ಹಾಕಲು ಬರುತ್ತದಾ ಎಂದಾಗ ನಕ್ಕನಂತೆ. ಬೋಸ್ಕೊ ಮುಂದೆ ಕಟ್ಟಿದ ಸಲೇಶಿಯನ್ ಸಂಸ್ಥೆಯವರು ತಮ್ಮ ಕೆಲಸದ ಆರಂಭವನ್ನು ಆ ದಿನದಿಂದಲೇ ಎಣಿಸುತ್ತಾರೆ.

ನನಗೆ ಈ ಕತೆಯಲ್ಲಿ ಮುಖ್ಯ ಅನ್ನಿಸುವುದು ಸಿಳ್ಳೆಯ ಪ್ರಶ್ನೆ. ಬರದೇ ಇದ್ದದ್ದನ್ನೆಲ್ಲ ಕೇಳಿ ಮುಗಿದ ಮೇಲೂ ಅವರು ಕೇಳುವುದನ್ನು ನಿಲ್ಲಿಸಲಿಲ್ಲ, ಹುಡುಗನಿಗೆ ಬರುವಂಥದ್ದು ಒಂದು ಸಿಗುವ ತನಕ ಹುಡುಕಿದರು. ನಿಮ್ಮ ಹುಡುಗನಿಗೆ ಏನು ಬರುತ್ತದೆ? ಕಬಡ್ಡಿಯಾ, ಹುಲಿವೇಷದ ತಾಸೆಯಾ, ಬೈಕ್ ರಿಪೇರಿಯಾ? ಅದೂ ಪತ್ರದಲ್ಲಿಲ್ಲ. 1877ರಲ್ಲಿ ಬೋಸ್ಕೊ ತಮ್ಮ ಶಿಕ್ಷಣ ಕ್ರಮವನ್ನು ಚಿಕ್ಕದಾಗಿ ಬರೆದಿಟ್ಟರು. ತಪ್ಪು ನಡೆದ ಮೇಲೆ ದಂಡಿಸಲು ಕಾಯುವುದಕ್ಕಿಂತ ತಪ್ಪಿಗೆ ಎಡೆಯಾಗದಂತೆ ಮಕ್ಕಳ ನಡುವೆಯೇ ಇರುವುದು, ಆಟದ ಮೈದಾನದಲ್ಲೂ ಜೊತೆಗಿರುವುದು, ವಿವೇಕ, ಧರ್ಮಶ್ರದ್ಧೆ, ಅಕ್ಕರೆ ಈ ಮೂರರ ಮೇಲೆ ನಡೆಯುವುದು, ಹೊಡೆತವನ್ನು ದೂರವಿಡುವುದು. 1884ರಲ್ಲಿ ರೋಮ್‌ನಿಂದ ಬರೆದ ಕಾಗದದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಮಕ್ಕಳ ಮೇಲೆ ನಮಗೆ ಪ್ರೀತಿ ಇದ್ದರೆ ಸಾಲದು, ಅದು ಇದೆಯೆಂದು ಆ ಮಕ್ಕಳಿಗೇ ಗೊತ್ತಾಗಬೇಕು ಎಂಬುದು ಅದರ ತಿರುಳು. ನಿಮ್ಮ ಸ್ಟಾಫ್‌ರೂಮಿನಲ್ಲಿ ಆ ಹುಡುಗನ ಮೇಲೆ ಯಾರಿಗೂ ದ್ವೇಷವಿಲ್ಲ ಎಂದು ನಾನು ನಂಬುತ್ತೇನೆ. ಗಣಿತದ ಸರ್‌ಗೂ ಅವನು ಪಾಸಾಗಲಿ ಎಂದೇ ಇರುತ್ತದೆ. ಅವನಿಗೆ ಮಾತ್ರ ಅದು ಗೊತ್ತಿಲ್ಲ. ಗೊತ್ತಿದ್ದರೆ ‘ನಾನು ಇಲ್ಲದಿದ್ರೆ’ ಎಂಬ ಆ ಪ್ರಶ್ನೆಯನ್ನು ನಿಮ್ಮಲ್ಲಿ ಕೇಳುತ್ತಿರಲಿಲ್ಲ.

ಕಾನೂನಿನ ವಿಷಯ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದನ್ನು ಯಾರಾದರೂ ಎತ್ತಿಯಾರು. ಬೋಸ್ಕೊ ಹೆಸರಿನಲ್ಲಿ ಹಬ್ಬ ಮಾಡುವ ಶಾಲೆ ಮಗುವಿನ ಮೇಲೆ ಕೈಯೆತ್ತಲು ಆ ತೀರ್ಪಿನ ಸಂದಿ ಹುಡುಕಬಾರದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವವರಿಗೆ ನಾನು ಹೇಳುವುದಿಷ್ಟೇ, ಗಾದೆ ಬಗ್ಗಿಸುವ ಮಾತಾಡುತ್ತದೆ, ಮುರಿಯುವ ಮಾತಾಡುವುದಿಲ್ಲ.

ಹಾಗಾದರೆ ಸುಳ್ಳು ಸಹಿಗೆ ಏನೂ ಇಲ್ಲವಾ? ಇದೆ. ನೀವು ಕೇಳಿದ ‘ಶಿಸ್ತೂ ಇರಬೇಕು, ಮಗುವೂ ಉಳಿಯಬೇಕು’ ಎಂಬುದರಲ್ಲಿ ಎರಡೂ ಒಂದೇ ಕೆಲಸ. ಅವನು ಮೂವರಿಗೆ ನೋವು ಮಾಡಿದ್ದಾನೆ: ಅಮ್ಮನಿಗೆ, ಗಣಿತದ ಸರ್‌ಗೆ, ನಿಮಗೆ. ನೂರು ಸಲ ಇಂಪೊಸಿಶನ್ ಬರೆಸಿದರೆ ಕೈ ನೋಯುತ್ತದೆ, ಆ ಮೂವರಲ್ಲಿ ಒಬ್ಬರ ಮುಖವನ್ನೂ ಅವನು ನೋಡಬೇಕಾಗುವುದಿಲ್ಲ. ಅದರ ಬದಲು ಒಂದು ದಿನ ಸಂಜೆ ನಾಲ್ಕು ಕುರ್ಚಿ ಹಾಕಿ. ಮೇಜು ಬೇಡ. ಅವನು, ಅಮ್ಮ, ಗಣಿತದ ಸರ್, ನೀವು. ಸಿಸ್ಟರ್‌ಗೆ ಬಿಡುವಿದ್ದರೆ ಐದು. ಏನಾಯ್ತು ಎಂದು ಮೊದಲು ಅವನೇ ಹೇಳಲಿ, ಯಾರೂ ನಡುವೆ ಬಾಯಿ ಹಾಕಬೇಡಿ. ಆಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿ. ‘ಯಾಕೆ ಮಾಡಿದೆ’ ಎಂದು ಮಾತ್ರ ಬೇಡ, ಆ ಪ್ರಶ್ನೆಗೆ ಹದಿನಾಲ್ಕರ ಹುಡುಗನಲ್ಲಿ ನೆಪ ಬಿಟ್ಟು ಬೇರೆ ಉತ್ತರ ಇರುವುದಿಲ್ಲ. ಆಮೇಲೆ ಸರ್ ಹೇಳಲಿ, ತರಗತಿಯೆದುರು ಆ ಮಾತು ಕೇಳಿ ತನಗೆ ಹೇಗಾಯಿತು ಎಂದು. ದೊಡ್ಡವರಿಗೂ ನೋವಾಗುತ್ತದೆ ಎಂಬುದು ಮಕ್ಕಳಿಗೆ ನಿಜವಾಗಿಯೂ ಹೊಸ ವಿಷಯ. ಕೊನೆಗೆ, ಇದನ್ನು ಸರಿ ಮಾಡಲು ಏನು ಮಾಡುತ್ತೀ ಎಂಬುದನ್ನು ಅವನೇ ಹೇಳಬೇಕು. ಸರ್ ಹತ್ತಿರ ಕ್ಷಮೆ, ಅಮ್ಮನ ಹತ್ತಿರ ಕ್ಷಮೆ, ಬಿಟ್ಟುಹೋದ ಪಾಠಕ್ಕೆ ವಾರದಲ್ಲಿ ಎರಡು ಸಂಜೆ, ಏನು ಹೇಳುತ್ತಾನೋ ಅದು. ಹೇಳಿದ್ದನ್ನು ಮಾಡಿಸಿ. ಒಂದು ದಿನ ತಪ್ಪಿಸಿದರೆ ‘ನೋಡಿ, ನಾನು ಆಗಲೇ ಹೇಳಿದ್ದೆ’ ಎನ್ನುವವರು ಇದ್ದೇ ಇರುತ್ತಾರೆ. ತಪ್ಪಿಸಿಯೇ ತಪ್ಪಿಸುತ್ತಾನೆ. ಮತ್ತೆ ಕೂರಿಸಿ.

ಇದನ್ನು ಬೆತ್ತಕ್ಕಿಂತ ಸುಲಭ ಎಂದುಕೊಂಡವರು ಒಮ್ಮೆ ಆ ಕುರ್ಚಿಯಲ್ಲಿ ಕೂತು ನೋಡಬೇಕು. ಎರಡು ಏಟು ತಿಂದು ಕೈ ಒರೆಸಿಕೊಂಡು ಹೋಗುವುದಕ್ಕಿಂತ, ತಾನು ನೋಯಿಸಿದವರ ಕಣ್ಣು ನೋಡಿ ಮಾತಾಡುವುದು ಬಹಳ ಕಷ್ಟ.

ರಿಮಾರ್ಕ್ಸ್ ಪುಟಕ್ಕೆ ಬರೋಣ. ಜೂನ್‌ನಿಂದ ಅದರಲ್ಲಿ ಬರೆದದ್ದೆಲ್ಲ ದೂರೇ ತಾನೇ? ಪ್ರತಿ ದೂರೂ ಬೀಡಿ ಕಟ್ಟುತ್ತ ಕೂತ ಅಮ್ಮನ ಮುಂದೆ ಬಿಚ್ಚಬೇಕಾದ ಪುಟ. ಸುಳ್ಳು ಸಹಿ ತಪ್ಪೇ, ಆದರೆ ಅದರ ಹಿಂದೆ ಅಮ್ಮನಿಗೆ ನೋವು ತಲುಪದಿರಲಿ ಎಂಬ ಆಸೆಯೂ ಇದ್ದಿರಬಹುದು ಅನ್ನಿಸುತ್ತದೆ ನನಗೆ. ನಿಮ್ಮ ಶಾಲೆಯಲ್ಲಿ ಒಂದು ಪದ್ಧತಿ ಶುರು ಮಾಡಿ: ಪ್ರತಿ ಟೀಚರ್ ದಿನಕ್ಕೆ ಒಂದು ಮಗುವಿನ ಪುಸ್ತಕದಲ್ಲಿ ಒಂದು ಒಳ್ಳೆಯ ಸಾಲು ಬರೆಯುವುದು. ‘ಇವತ್ತು ಬಿದ್ದ ಹುಡುಗನನ್ನು ಎತ್ತಿದ.’ ‘ಪ್ರಶ್ನೆ ಚೆನ್ನಾಗಿ ಕೇಳಿದಳು.’ ಮನೆಯವರ ಸಹಿ ಅದಕ್ಕೂ ಬೇಕು. 52 ಮಕ್ಕಳ ತರಗತಿಯಲ್ಲಿ ಎರಡೂವರೆ ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ಅಸೆಂಬ್ಲಿಯಲ್ಲಿ ಹೆಸರು ಕರೆದು ಮಗುವನ್ನು ಮುಂದೆ ನಿಲ್ಲಿಸಿ ಅವಮಾನಿಸುವುದು, ಫೀಸು ಕಟ್ಟದವರ ಪಟ್ಟಿ ಓದುವುದು ನಿಮ್ಮಲ್ಲಿ ಇದ್ದರೆ ನಾಳೆಯಿಂದಲೇ ನಿಲ್ಲಲಿ. ಅದಕ್ಕೆ ಯಾವ ತರಬೇತಿಯೂ ಬೇಕಾಗಿಲ್ಲ.

ಕಥೋಲಿಕರ ಜೆಸ್ವಿತ್ ಗುರುಗಳಲ್ಲಿ ದಿನದ ಕೊನೆಗೆ ಆ ದಿನವನ್ನು ಮನಸ್ಸಿನಲ್ಲೇ ತಿರುಗಿ ನೋಡುವ ಅಭ್ಯಾಸವಿದೆ, ಸಂತ ಇಗ್ನೇಷಿಯಸ್ ಹಾಕಿಕೊಟ್ಟದ್ದು. ಕೊನೆಯ ಬೆಲ್ಲಿಗೆ ಎರಡು ನಿಮಿಷ ಮೊದಲು ನಿಮ್ಮ ತರಗತಿಯಲ್ಲಿ ಮೌನವಾಗಿ ಅದನ್ನೇ ಮಾಡಿಸಬಹುದು: ಇವತ್ತು ಯಾವುದು ಚೆನ್ನಾಗಿತ್ತು, ಯಾವುದನ್ನು ನಾಳೆ ಸರಿ ಮಾಡಿಕೊಳ್ಳಬೇಕು. ಹಿಂದೂ, ಮುಸ್ಲಿಂ, ಕ್ರೈಸ್ತ ಯಾವ ಮಗುವಿಗೂ ಇದು ಪರಕೀಯ ಅನ್ನಿಸುವುದಿಲ್ಲ. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬಾರದು ಎಂದು ಭಾರತದ ಕಥೋಲಿಕ್ ಬಿಷಪರ ಮಂಡಳಿಯೇ 2024ರಲ್ಲಿ ತನ್ನ ಶಾಲೆಗಳಿಗೆ ತಿಳಿಸಿದೆ, ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಲೂ ಹೇಳಿದೆ. ಸಿಸ್ಟರ್‌ಗೆ ಇದು ಗೊತ್ತಿರುತ್ತದೆ.

ಗೊತ್ತಿರಬೇಕಾದ ಇನ್ನೊಂದು ವಿಷಯವನ್ನು ಮೀಟಿಂಗ್‌ನಲ್ಲಿ ಇಡಿ. 100 ಅಥವಾ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ಕೊಟ್ಟಿದೆ. ಲೋಕದಲ್ಲಿ ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಲೆಕ್ಕವನ್ನು ನಿಮ್ಮ ತರಗತಿಗೆ ಹಾಗೇ ಹಚ್ಚಲಾಗದು, ಆದರೂ 52ರಲ್ಲಿ ಈ ಹುಡುಗ ಒಬ್ಬನೇ ಇರಲಾರ. ಉಳಿದವರು ಗಲಾಟೆ ಮಾಡುತ್ತಿಲ್ಲ, ಅದಕ್ಕೇ ಪತ್ರಕ್ಕೆ ಬಂದಿಲ್ಲ.

ನೂರಕ್ಕೆ ನೂರು ಫಲಿತಾಂಶದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ, ಮರೆಮಾಚುವುದಿಲ್ಲ. ಸೋಲಬಹುದಾದ ಮಗುವನ್ನು ಒಂಬತ್ತರಲ್ಲೇ ಹೊರಗೆ ಹಾಕಿ ಪಡೆದ ನೂರು ಶಾಲೆಯ ಗೇಟಿನ ಮೇಲೆ ಬ್ಯಾನರ್ ಕಟ್ಟುವಂಥದ್ದಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಲು ಹೊರಟ ಕುರುಬನ ಬೈಬಲ್ ಕತೆಯನ್ನು ಮಕ್ಕಳಿಗೆ ಹೇಳಿಕೊಡುವ ಶಾಲೆ ನಿಮ್ಮದು. ಮೀಟಿಂಗ್‌ನಲ್ಲಿ ನೀವು ಅದನ್ನು ನೆನಪಿಸಿದರೆ ಯಾರೂ ತಪ್ಪು ತಿಳಿಯಲಾರರು. ಟಿ.ಸಿ. ಬೇಡ ಎನ್ನುವಾಗ ಬರಿಗೈಯಲ್ಲಿ ಕೂರಬೇಡಿ, ಮಾರ್ಚ್ ತನಕದ ಒಂದು ಬರೆದ ಯೋಜನೆ ಕೊಡಿ. ಯಾರು ದಿನಾ ಬೆಳಿಗ್ಗೆ ಅವನನ್ನು ಗೇಟಿನಲ್ಲಿ ಮಾತಾಡಿಸುತ್ತಾರೆ, ಯಾವ ಸಂಜೆ ಯಾರು ಪಾಠ ಹೇಳುತ್ತಾರೆ, ಎಷ್ಟು ವಾರಕ್ಕೊಮ್ಮೆ ಕೂತು ನೋಡುತ್ತೀರಿ. ಗಣಿತದ ಸರ್ ಒಂದು ಸಂಜೆ ಒಪ್ಪಿದರೆ ಅರ್ಧ ಕೆಲಸ ಮುಗಿದಂತೆ. ಅವರನ್ನು ಮೊದಲೇ ಬೇರೆಯಾಗಿ ಕಾಣಿ. ತರಗತಿಯೆದುರು ಅವರಿಗೂ ಅವಮಾನವಾಗಿದೆ, ಆ ಬಗ್ಗೆ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಮುದ್ದು ಮಾಡಿ ಹಾಳು ಮಾಡಿದಿರಾ ಎಂದು ಕೇಳಿದ್ದೀರಿ. ಇಲ್ಲ. ಅಷ್ಟು ದೊಡ್ಡ ಮಾತನ್ನು ಅವನು ಬೇರೆ ಯಾರ ಹತ್ತಿರವೂ ಆಡಲಿಲ್ಲ, ನಿಮ್ಮ ಹತ್ತಿರ ಆಡಿದ.

ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋಗುತ್ತೇನೆ ಅಂದಿರಿ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡಲು ಅಮ್ಮ ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂದು ಅವನನ್ನೇ ಕೇಳಿಕೊಂಡು, ಆ ಹೊತ್ತು ತಪ್ಪಿಸಿ ಹೋಗಿ. ಬರುತ್ತೇನೆಂದು ಅವನಿಗೆ ಮೊದಲೇ ಹೇಳಿ, ಯಾಕೆಂದೂ ಹೇಳಿ. ಎರಡು ಸಲ ಕರೆದಾಗ ಆಕೆ ಬರಲಿಲ್ಲ ಎಂಬ ಮಾತು ಎತ್ತಬೇಡಿ. ಶಾಲೆಗೆ ಒಂದು ದಿನ ಬಂದರೆ ಆ ದಿನದ ಬೀಡಿ ಹೋಯಿತು, ಬೈಗುಳ ಕೇಳಲು ಯಾರು ಬರುತ್ತಾರೆ? ಚಾ ಕೊಟ್ಟರೆ ಕುಡಿಯಿರಿ. ಅವನು ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳಿ, ಆಮೇಲೆ ಉಳಿದದ್ದು. ಹ್ಯಾಂಡ್‌ಬುಕ್ ಮಾತ್ರ ತೆಗೆದುಕೊಂಡು ಹೋಗಬೇಡಿ.